ನೋವಿಗೂ ಲೆಕ್ಕವಿಟ್ಟ ಅರ್ಥಶಾಸ್ತ್ರಜ್ಞೆ

ರೋಗಕ್ಕೆ ಬಡವ-ಬಲ್ಲಿದನೆಂಬ ಭೇದವಿಲ್ಲ, ಔಷಧಕ್ಕೆ ಉಂಟು. ಆ ಭೇದವನ್ನು ಅಂಕಿಗಳಲ್ಲಿ ಅಳೆದು, ಅದನ್ನು ನೀಗಲು ತಗಲುವ ವೆಚ್ಚವನ್ನೂ ಲೋಕದ ಮುಂದಿಟ್ಟ ವಿದುಷಿ ಫೆಲಿಸಿಯಾ ಕ್ನೌಲ್.

ಕೆನಡಾ ಮೂಲದ ಈಕೆ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದವರು. ಪತಿ ಹೂಲಿಯೊ ಫ್ರೆಂಕ್ 2000ದಿಂದ 2006ರವರೆಗೆ ಮೆಕ್ಸಿಕೋದ ಆರೋಗ್ಯ ಸಚಿವರಾಗಿದ್ದು, ಬಡವರಿಗಾಗಿ ‘ಸೆಗುರೊ ಪೊಪುಲಾರ್’ ಎಂಬ ವಿಮಾ ಯೋಜನೆಯನ್ನು ಜಾರಿಗೆ ತಂದರು. 2007ರಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆಯೂ ಅದರೊಳಗೆ ಸೇರಿತು. ವಿಧಿಯ ವಿಲಾಸವೆಂಬಂತೆ ಅದೇ ವರ್ಷ ಕ್ನೌಲ್ ಅವರಿಗೇ ಆ ರೋಗವಿರುವುದು ಪತ್ತೆಯಾಯಿತು.

ಆಕೆಗೆ ವಿದ್ಯೆಯಿತ್ತು, ಅನುಕೂಲವಿತ್ತು, ನುರಿತ ವೈದ್ಯರ ನೆರವಿತ್ತು. ಇವಾವುವೂ ಇಲ್ಲದ ಹೆಂಗಸರ ಗತಿಯೇನು? ಚಿಕಿತ್ಸೆ ಉಚಿತವಾದರೂ ರೋಗ ಬಲಿತ ಮೇಲೆ ಬಂದವರಿಗೆ ಅದರ ಫಲ ಅಲ್ಪ. ಆದಕಾರಣ, ರೋಗವನ್ನು ಮೊದಲ ಹಂತದಲ್ಲಿಯೇ ಗುರುತಿಸುವ ತಿಳಿವಳಿಕೆಯನ್ನು ಹರಡಲು ಆಕೆ ಮೆಕ್ಸಿಕೋದಲ್ಲಿ ‘ತೋಮಾತೆಲೊ ಆ ಪೆಚೊ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರಿನಲ್ಲೊಂದು ಶ್ಲೇಷೆಯಿದೆ: ಸ್ಪ್ಯಾನಿಷಿನಲ್ಲಿ ‘ಪೆಚೊ’ ಎಂದರೆ ಎದೆ, ಇಡೀ ಮಾತಿಗೆ ‘ಮನಸ್ಸಿಗೆ ಹಚ್ಚಿಕೊಳ್ಳಿ’ ಎಂಬರ್ಥ. ಆ ವಿಮಾ ಯೋಜನೆ 2020ರಲ್ಲಿ ಕೊನೆಗೊಂಡಿತು.

ಕ್ಯಾನ್ಸರಿನಿಂದ ಮೊದಲಾದ ಆಕೆಯ ವಿಚಾರ ಕ್ರಮೇಣ ನೋವಿನ ಕಡೆಗೆ ಹರಿಯಿತು. ಗುಣವಾಗದ ರೋಗಿಯ ಯಾತನೆಯನ್ನಾದರೂ ತಗ್ಗಿಸಬಹುದಲ್ಲವೆ? ಆಕೆಯ ಅಧ್ಯಕ್ಷತೆಯಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ನೇಮಿಸಿದ ಆಯೋಗ 2017ರಲ್ಲಿ ವರದಿಯನ್ನು ಪ್ರಕಟಿಸಿತು. ತೀವ್ರ ಕಾಯಿಲೆಗಳಿಂದ ವರ್ಷಕ್ಕೆ 6 ಕೋಟಿಗೂ ಹೆಚ್ಚು ಜನ ಯಾತನೆಪಡುತ್ತಾರೆ. ಲೋಕದಲ್ಲಿ ವಿತರಣೆಯಾದ ಮಾರ್ಫಿನ್ ಬಗೆಯ ನೋವುಶಮನಕಗಳ 298.5 ಟನ್ನುಗಳಲ್ಲಿ ಕಡುಬಡ ರಾಷ್ಟ್ರಗಳಿಗೆ ದೊರೆತದ್ದು 0.1 ಟನ್, ಅಂದರೆ ಬರಿಯ ಒಂದು ಕ್ವಿಂಟಲ್! ಆ ರಾಷ್ಟ್ರಗಳ 15 ವರ್ಷದೊಳಗಿನ ಮಕ್ಕಳ ನೋವನ್ನು ತಣಿಸುವ ಮಾರ್ಫಿನ್‌ಗೆ ವರ್ಷಕ್ಕೆ 10 ಲಕ್ಷ ಡಾಲರ್ ಸಾಕೆಂದು ಆಯೋಗ ಲೆಕ್ಕಹಾಕಿತು. ಹಣದ ಅಭಾವಕ್ಕಿಂತ ಅಂಜಿಕೆ, ಅಲಕ್ಷ್ಯಗಳೇ ದೊಡ್ಡ ಅಡ್ಡಿಯೆಂಬುದು ಇದರಿಂದ ವ್ಯಕ್ತವಾಯಿತು.

ಈ ಮಾತು ಭಾರತಕ್ಕೂ ಸಲ್ಲುತ್ತದೆ. ಆಯೋಗದ ಸದಸ್ಯರಲ್ಲೊಬ್ಬರು ಕೇರಳದ ಡಾ. ಎಂ. ಆರ್. ರಾಜಗೋಪಾಲ್. ಔಷಧಕ್ಕಾಗಿ ಅಫೀಮನ್ನು ಬೆಳೆದು ಹೊರದೇಶಗಳಿಗೆ ಕಳುಹಿಸುವ ನಮ್ಮ ನಾಡಿನಲ್ಲಿಯೇ, 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದಾಗಿ ಆಸ್ಪತ್ರೆಗಳು ಮಾರ್ಫಿನ್ ಇಡಲು ಹಿಂಜರಿದವು. ರಾಜಗೋಪಾಲರಂತಹವರ ದೀರ್ಘ ಪ್ರಯತ್ನದ ಫಲವಾಗಿ 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಕಾಯಿದೆ ತನ್ನ ಬಾಗಿಲನ್ನು ತೆರೆದಿದೆ. ನರಳುವವನ ಹಾಸಿಗೆಯವರೆಗೆ ಗುಳಿಗೆಯನ್ನು ಮುಟ್ಟಿಸುವ ಹೊಣೆ ಮಾತ್ರ ಮನುಷ್ಯರದು.