ಅರಮನೆಯಿಂದ ಜನರ ಮನೆಗೆ: ರಾಷ್ಟ್ರಪತಿ ಭವನದ ಕಥೆ

ಬಂದವರಿಗೆ ಬಾಗಿಲು ತೆರೆದಿರುವ ಮನೆಯೇ ದೊಡ್ಡ ಮನೆ ಎಂಬುದು ನಮ್ಮ ಹಿರಿಯರ ಭಾವನೆ. ದೆಹಲಿಯ ರೈಸೀನಾ ಗುಡ್ಡದ ಮೇಲೆ ನಿಂತಿರುವ ರಾಷ್ಟ್ರಪತಿ ಭವನದ ಚರಿತ್ರೆಯನ್ನು ಅವಲೋಕಿಸಿದಾಗ ಈ ಮಾತಿನ ಸತ್ಯ ನಮಗೆ ಮನವರಿಕೆಯಾಗುತ್ತದೆ.

1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆಯು ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಬದಲಾಯಿಸುವುದಾಗಿ ಸಾರಿದನು. ವೈಸರಾಯನ ನಿವಾಸವನ್ನು ಕಟ್ಟುವ ಹೊಣೆ ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್‌ನಿಗೆ ಬಂದಿತು. ಹೊಸ ರಾಜಧಾನಿಗಾಗಿ ರೈಸೀನಾ, ಮಾಲ್ಚಾ ಗ್ರಾಮಗಳ ರೈತರು ತಲೆತಲಾಂತರದ ಹೊಲಮನೆಗಳನ್ನು ಬಿಟ್ಟು ಹೋಗಬೇಕಾಯಿತು. ಸುಮಾರು 17 ವರ್ಷಗಳ ಕಾಲ ಕೆಲಸ ನಡೆದು, 70 ಕೋಟಿ ಇಟ್ಟಿಗೆಗಳೂ 30 ಲಕ್ಷ ಘನ ಅಡಿ ಕಲ್ಲೂ ಸೇರಿ, 340 ಕೋಣೆಗಳ ಈ ಸೌಧ ತಲೆಯೆತ್ತಿತು. 1929ರಲ್ಲಿ ಲಾರ್ಡ್ ಇರ್ವಿನ್ ಇಲ್ಲಿಗೆ ವಾಸಕ್ಕೆ ಬಂದನು.

ಆಳುವವರ ದರ್ಪವನ್ನು ಮೆರೆಸಲು ಕಟ್ಟಿದ ಈ ಮನೆಗೂ ಭಾರತದ ನೆಲದಿಂದಲೇ ರೂಪ ಬರಬೇಕಾಯಿತೆಂಬುದು ಗಮನಾರ್ಹ. ನಡುವಣ ಗುಮ್ಮಟದಲ್ಲಿ ಸಾಂಚಿಯ ಸ್ತೂಪದ ಛಾಯೆಯಿದೆ. ಕಂಬಗಳ ತಲೆಯಲ್ಲಿ ಕೆತ್ತಿರುವ ಘಂಟೆಗಳಿಗೆ ನಮ್ಮ ಮೂಡುಬಿದಿರೆಯ ಜೈನ ಬಸದಿಯೇ ಪ್ರೇರಣೆಯೆಂದು ಹೇಳುತ್ತಾರೆ. ಕಲ್ಲಿನ ಘಂಟೆಗಳು ಎಂದಿಗೂ ಬಾರಿಸಲಾರವು. ಆದುದರಿಂದ ಸಾಮ್ರಾಜ್ಯದ ಅಂತ್ಯವನ್ನೂ ಅವು ಸಾರಲಾರವು ಎಂಬ ನಂಬಿಕೆಯಿತ್ತಂತೆ! ಆದರೆ 18 ವರ್ಷಗಳಲ್ಲಿಯೇ, 1947ರ ಆಗಸ್ಟ್ 15ರಂದು, ಇದೇ ಭವನದ ದರ್ಬಾರ್ ಹಾಲಿನಲ್ಲಿ ಜವಾಹರಲಾಲ ನೆಹರೂ ಅವರ ಸರಕಾರ ಪ್ರಮಾಣವಚನ ಸ್ವೀಕರಿಸಿತು.

1948ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿಯವರು ಗವರ್ನರ್ ಜನರಲ್ ಆಗಿ ಈ ಮನೆಗೆ ಬಂದರು. ವೈಸರಾಯನ ವೈಭವದ ಕೋಣೆಗಳು ಅವರಿಗೆ ಒಗ್ಗಲಿಲ್ಲ. ಕೆಲವೇ ಚಿಕ್ಕ ಕೋಣೆಗಳನ್ನು ತಮಗಾಗಿ ಉಳಿಸಿಕೊಂಡರು. ವೈಸರಾಯನ ವಾಸದ ಭಾಗ ಅತಿಥಿಗಳ ಪಾಲಾಯಿತು. ಅಂದಿನಿಂದ ರಾಷ್ಟ್ರಪತಿಗಳ ಕುಟುಂಬ ವಾಸಿಸುವುದು ಆ ಚಿಕ್ಕ ಕೋಣೆಗಳ ಭಾಗದಲ್ಲಿಯೇ. ದೇಶದಲ್ಲಿ ಆಹಾರದ ಅಭಾವವಿದ್ದ ಆ ದಿನಗಳಲ್ಲಿ ರಾಜಾಜಿಯವರು ಸ್ವತಃ ನೇಗಿಲು ಹಿಡಿದು ಉತ್ತು, ಭವನದ ಆವರಣದಲ್ಲಿ ಧಾನ್ಯ ಬೆಳೆಯಲು ನೆಲವನ್ನು ಬಿಟ್ಟುಕೊಟ್ಟರು. ರೈತರನ್ನು ಎಬ್ಬಿಸಿ ಕಟ್ಟಿದ ಅರಮನೆಯ ಅಂಗಳಕ್ಕೆ ನೇಗಿಲು ಮರಳಿ ಬಂದಿತು. ಕಾಯಕವನ್ನು ಅರಿತ ನಮಗೆ ಇದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

1950ರ ಜನವರಿ 26ರಂದು ಡಾ. ರಾಜೇಂದ್ರ ಪ್ರಸಾದರು ಪ್ರಥಮ ರಾಷ್ಟ್ರಪತಿಗಳಾದರು. ವೈಸರಾಯನ ಮನೆ ರಾಷ್ಟ್ರಪತಿ ಭವನವಾಯಿತು.

ಈ ಚರಿತ್ರೆಯಲ್ಲಿ ಕನ್ನಡಿಗರಿಗೂ ಒಂದು ಅಧ್ಯಾಯವಿದೆ. ಲಟ್ಯೆನ್ಸ್ ಈ ಕೆಲಸಕ್ಕೆ ನೇಮಕಗೊಂಡ 1912ರಲ್ಲಿಯೇ ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಬಸಪ್ಪ ದಾನಪ್ಪ ಜತ್ತಿಯವರು ಜನಿಸಿದರು. ಜಮಖಂಡಿಯ ಪುರಸಭೆಯಿಂದ ಸಾರ್ವಜನಿಕ ಜೀವನ ಆರಂಭಿಸಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದ, 1964ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದ ಜತ್ತಿಯವರು, ಫಕ್ರುದ್ದೀನ್ ಅಲಿ ಅಹಮದ್ ಅವರ ನಿಧನದಿಂದಾಗಿ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಗಳಾಗಿ ಕಾರ್ಯ ನಿರ್ವಹಿಸಿದರು. ತುರ್ತುಪರಿಸ್ಥಿತಿ ಕೊನೆಗೊಂಡುದು ಅವರ ಕಾಲದಲ್ಲಿಯೇ. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಜನರ ತೀರ್ಪಿನಂತೆ ಅಧಿಕಾರವು ಶಾಂತಿಯಿಂದ ಒಂದು ಕೈಯಿಂದ ಇನ್ನೊಂದು ಕೈಗೆ ಸಾಗಿದ ಆ ಸಂಧಿಕಾಲದಲ್ಲಿ ಸಾವಳಗಿಯ ಹಿರಿಯರೊಬ್ಬರು ಸಾಕ್ಷಿಯಾಗಿದ್ದರೆಂಬುದು ನಮಗೆಲ್ಲ ಅಭಿಮಾನದ ಸಂಗತಿ.

ಇಂದು ಈ ಭವನವನ್ನು ಸಾಮಾನ್ಯ ಜನರೂ ಒಳಹೊಕ್ಕು ನೋಡಬಹುದು. ಅಂತರಜಾಲದಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಿ, ಗುರುತಿನ ಚೀಟಿಯೊಂದಿಗೆ ಹೋಗಬೇಕು. ದರ್ಬಾರ್ ಹಾಲಿಗೆ 2024ರಿಂದ ಗಣತಂತ್ರ ಮಂಟಪವೆಂಬ ಹೆಸರಿದೆ. ಅಲ್ಲಿ ಹಿಂದೆ ವೈಸರಾಯ ದಂಪತಿಗಳ ಸಿಂಹಾಸನಗಳಿದ್ದವು. ಈಗ ರಾಷ್ಟ್ರಪತಿಗಳ ಪೀಠದ ಹಿಂದೆ ಐದನೆಯ ಶತಮಾನದ ಬುದ್ಧಮೂರ್ತಿ ಅಭಯಹಸ್ತ ತೋರುತ್ತ ನಿಂತಿದೆ. ಹಳೆಯ ಕುದುರೆಲಾಯ ಹಾಗೂ ವಾಹನಶಾಲೆಗಳು ವಸ್ತುಸಂಗ್ರಹಾಲಯವಾಗಿವೆ. ಮೊಘಲ್ ಉದ್ಯಾನವೆಂದು ಹೆಸರಾಗಿದ್ದು 2023ರಲ್ಲಿ ಅಮೃತ ಉದ್ಯಾನವಾದ 15 ಎಕರೆಯ ಹೂದೋಟವು ವಸಂತದ ದಿನಗಳಲ್ಲಿ ಜನರಿಗಾಗಿ ತೆರೆಯುತ್ತದೆ. ದೆಹಲಿ ದೂರವೆನ್ನುವ ಕುಟುಂಬಗಳು ಹೈದರಾಬಾದಿನ ಬೊಲಾರಮ್‌ನಲ್ಲಿರುವ ರಾಷ್ಟ್ರಪತಿ ನಿಲಯವನ್ನಾದರೂ ನೋಡಿ ಬರಬಹುದು. 2023ರಿಂದ ಅದೂ ಸಾರ್ವಜನಿಕರ ವೀಕ್ಷಣೆಗೆ ತೆರೆದಿದೆ.

ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಗುಮ್ಮಟದ ಎತ್ತರವನ್ನಷ್ಟೇ ತೋರಿಸಿ ಮರಳದಿರಲಿ. ಹೊಲ ಕಳೆದುಕೊಂಡ ರೈಸೀನಾದ ರೈತನನ್ನೂ, ಚಿಕ್ಕ ಕೋಣೆಯನ್ನು ಆರಿಸಿಕೊಂಡ ರಾಜಾಜಿಯವರನ್ನೂ ಅವರಿಗೆ ನೆನಪಿಸಲಿ. ಮಹಾಮನೆಯಲ್ಲಿದ್ದೂ ಸರಳವಾಗಿ ಬಾಳಬಹುದೆಂಬ ಅರಿವು ಆ ಎಳೆಯ ಮನಸ್ಸುಗಳಲ್ಲಿ ಬೇರೂರಿದರೆ ಅಷ್ಟು ದೂರದ ಪ್ರವಾಸ ಸಾರ್ಥಕವಾದಂತೆ.