ಬರದ ವರ್ಷದ ಲೆಕ್ಕ: ಹವಾಮಾನ, ಕಾವೇರಿ ಮತ್ತು ವಾಣಿಜ್ಯದ ನೆಮ್ಮದಿ

2016ರ ಸೆಪ್ಟೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿಗೆ 10 ದಿನಗಳ ಕಾಲ 15,000 ಕ್ಯೂಸೆಕ್ ಪ್ರಮಾಣದಲ್ಲಿ ನೀರು ಹರಿಸುವಂತೆ ಕರ್ನಾಟಕಕ್ಕೆ ಆದೇಶಿಸಿತು. ಕೂಡಿ ನೋಡಿದರೆ ಇದು 13 ಟಿಎಂಸಿಗಿಂತ ತುಸು ಕಡಿಮೆ. ಕೃಷ್ಣರಾಜಸಾಗರದ ಪೂರ್ಣ ಸಂಗ್ರಹವಾದ 49.45 ಟಿಎಂಸಿಯ ಸುಮಾರು ಕಾಲು ಭಾಗ. ಸೆಪ್ಟೆಂಬರ್ 12ರಂದು ಪ್ರಮಾಣವನ್ನು 12,000 ಕ್ಯೂಸೆಕ್‌ಗೆ ಇಳಿಸಿ, ಅವಧಿಯನ್ನು 20ರವರೆಗೆ ವಿಸ್ತರಿಸಲಾಯಿತು. ಅದೇ ದಿನ ಬೆಂಗಳೂರಿನಲ್ಲಿ ಬಸ್ಸು, ಲಾರಿಗಳು ಉರಿದವು. 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು. ಇಬ್ಬರು ಪ್ರಾಣ ಕಳೆದುಕೊಂಡರು. ನಷ್ಟವು 22,000ದಿಂದ 25,000 ಕೋಟಿ ರೂಪಾಯಿಗಳಷ್ಟೆಂದು ಅಸೋಚಾಂ ಅಂದಾಜು ಮಾಡಿತು. ಇಂತಹ ಅಂಕಿಗಳನ್ನು ಲೆಕ್ಕ ಬಲ್ಲವರು ಎಚ್ಚರಿಕೆಯಿಂದಲೇ ನೋಡಬೇಕಾಗುತ್ತದೆ. ಇಂದು ನಿಂತ ಕೆಲಸ ಮುಂದಿನ ವಾರ ನಡೆದರೆ ಅದು ಮುಂದೂಡಿಕೆಯೇ ಹೊರತು ನಷ್ಟವಲ್ಲ. ಆದರೆ ಸುಟ್ಟ ಲಾರಿ, ದುಡಿಯುವವನನ್ನು ಕಳೆದುಕೊಂಡ ಮನೆ, ಕೈತಪ್ಪಿದ ಗುತ್ತಿಗೆ ಇವು ಯಾವ ಮುಂದಿನ ವಾರದಲ್ಲಿಯೂ ಹಿಂದಿರುಗುವುದಿಲ್ಲ.

ಪ್ರಪಂಚದಾದ್ಯಂತ ಇಂದು ಚರ್ಚೆಯಲ್ಲಿರುವ ‘ಪರಿಸರ ಭದ್ರತೆ’ ಎಂಬ ಪರಿಕಲ್ಪನೆಯನ್ನು ಅರಿಯಲು ಈ ಘಟನೆಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಭದ್ರತೆ ಎಂದರೆ ಗಡಿ ಮತ್ತು ಸೈನ್ಯ ಎಂಬುದು ಹಳೆಯ ಗ್ರಹಿಕೆ. ಜನಜೀವನ ಮತ್ತು ವ್ಯವಹಾರಗಳು ಆಧರಿಸಿರುವ ನೀರು, ಮಣ್ಣು, ಕಾಡುಗಳು ಕೈಕೊಟ್ಟಾಗ ಸಮಾಜದ ನೆಮ್ಮದಿಯೂ ಕದಡುತ್ತದೆ ಎಂಬುದು ಹೊಸ ಗ್ರಹಿಕೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಹವಾಮಾನ ಬದಲಾವಣೆಯನ್ನು ಮೊದಲ ಬಾರಿಗೆ ಚರ್ಚೆಗೆ ಎತ್ತಿಕೊಂಡದ್ದು 2007ರ ಏಪ್ರಿಲ್‌ನಲ್ಲಿ. ಸುಡಾನಿನ ಡಾರ್ಫರ್ ಪ್ರದೇಶದಲ್ಲಿ 2003ರಲ್ಲಿ ಹೊತ್ತಿಕೊಂಡ ಯುದ್ಧದ ಬೇರುಗಳಲ್ಲಿ ಮಳೆಯ ಕ್ಷೀಣತೆಯೂ ಒಂದೆಂದು ಅಂದಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಅದೇ ವರ್ಷ ಬರೆದರು. ಮೇವು ಅರಸಿ ದಕ್ಷಿಣಕ್ಕೆ ಬಂದ ಪಶುಪಾಲಕರಿಗೂ ಅಲ್ಲಿನ ಬೇಸಾಯಗಾರರಿಗೂ ನಡುವೆ ಹಿಂದೆ ಇದ್ದ ಹೊಂದಾಣಿಕೆ ಮುರಿದುಬಿದ್ದಿತ್ತು. ಆದರೆ ಅನೇಕ ವಿದ್ವಾಂಸರು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಮಳೆ ಬಾರದಿದ್ದುದು ನಿಜ. ಆದರೆ ಸಶಸ್ತ್ರ ಪಡೆಗಳನ್ನು ಸಾಕಿ ಬೆಳೆಸಿದ್ದು ಮೋಡಗಳಲ್ಲ, ಸರ್ಕಾರ ಎಂಬುದು ಅವರ ವಾದ.

ಈ ಆಕ್ಷೇಪಣೆಯಲ್ಲಿ ಹುರುಳಿದೆ. ಹವಾಮಾನ ಬದಲಾವಣೆ ಕುರಿತ ಅಂತರ್ ಸರ್ಕಾರಿ ಸಮಿತಿಯು 2022ರ ವರದಿಯಲ್ಲಿ, ಸಾಮಾಜಿಕ ಮತ್ತು ಆರ್ಥಿಕ ಕಾರಣಗಳಿಗೆ ಹೋಲಿಸಿದರೆ ಸಂಘರ್ಷಗಳ ಮೇಲೆ ಹವಾಮಾನದ ಪ್ರಭಾವ ದುರ್ಬಲವಾದುದೆಂದೇ ಹೇಳಿದೆ. ಈ ವಿಷಯವನ್ನು ಭದ್ರತಾ ಮಂಡಳಿಯ ವ್ಯಾಪ್ತಿಗೆ ತರುವ ನಿರ್ಣಯದ ವಿರುದ್ಧ 2021ರ ಡಿಸೆಂಬರ್‌ನಲ್ಲಿ ಭಾರತವೂ ಮತ ಚಲಾಯಿಸಿತು. ರಷ್ಯಾದ ವೀಟೋದಿಂದ ನಿರ್ಣಯ ಬಿದ್ದುಹೋಯಿತು. ಹಾಗಾದರೆ ಬರ ಬಂದೊಡನೆ ಕೆಲವೆಡೆ ಬೆಂಕಿ ಏಳುವುದೇಕೆ, ಕೆಲವೆಡೆ ಏಳದಿರುವುದೇಕೆ? ನೀರಿನ ಅಭಾವಕ್ಕಿಂತ, ಅಭಾವದ ವರ್ಷದಲ್ಲಿ ಹಂಚಿಕೊಳ್ಳುವ ಲೆಕ್ಕ ಮೊದಲೇ ಒಪ್ಪಿತವಾಗಿಲ್ಲದಿರುವುದು ಇಲ್ಲಿ ಮುಖ್ಯ ಕಾರಣ. ಕಾವೇರಿಯ ಕಡತಗಳನ್ನು ಬಿಡಿಸಿದರೆ ಇದು ಎದ್ದು ಕಾಣುತ್ತದೆ.

ಸರಾಸರಿಯ ಆಯವ್ಯಯ

1990ರಲ್ಲಿ ರಚಿತವಾದ ಕಾವೇರಿ ಜಲವಿವಾದ ನ್ಯಾಯಮಂಡಳಿಯು 2007ರ ಫೆಬ್ರವರಿ 5ರಂದು ಅಂತಿಮ ತೀರ್ಪು ನೀಡಿತು. ಕಣಿವೆಯ ಒಟ್ಟು ಇಳುವರಿ 740 ಟಿಎಂಸಿ ಎಂದು ಎಣಿಸಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಹಂಚಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ತಮಿಳುನಾಡಿನ ಪಾಲನ್ನು 404.25ಕ್ಕೆ ಇಳಿಸಿತು. ಈ 740 ಟಿಎಂಸಿ ಶೇಕಡ 50ರ ಭರವಸೆಯ ಅಂಕಿ. ಅಂದರೆ ಸರಿಸುಮಾರು ಎರಡು ವರ್ಷಗಳಲ್ಲಿ ಒಂದು ವರ್ಷ ನದಿ ಇದಕ್ಕಿಂತ ಕಡಿಮೆ ಕೊಡಬಹುದು. ಯಾವುದೇ ಸಂಸ್ಥೆ ಇಂತಹ ಆದಾಯದ ಮೇಲೆ ಆಯವ್ಯಯ ಸಿದ್ಧಪಡಿಸಿದರೆ ಕೊರತೆಯ ವರ್ಷಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳದೆ ಇರಲಾರದು.

ತೀರ್ಪಿನಲ್ಲಿ ಆ ವ್ಯವಸ್ಥೆ ಒಂದು ವಾಕ್ಯದಷ್ಟಿದೆ: ಸಂಕಷ್ಟದ ವರ್ಷದಲ್ಲಿ ಪಾಲುಗಳು ಅನುಪಾತದಂತೆ ತಗ್ಗಬೇಕು. ಕೇಳಲು ನ್ಯಾಯಸಮ್ಮತ. ಆದರೆ ತೊಡಕು ದಿನಾಂಕಗಳಲ್ಲಿದೆ. ಬಿಳಿಗುಂಡ್ಲುವಿನ ಮಾಪನ ಕೇಂದ್ರದಲ್ಲಿ ಕರ್ನಾಟಕವು ವರ್ಷಕ್ಕೆ ಒದಗಿಸಬೇಕಾದುದು 177.25 ಟಿಎಂಸಿ. ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76. ಈ ನಾಲ್ಕು ತಿಂಗಳುಗಳ ಮೊತ್ತ 123.14 ಟಿಎಂಸಿ, ಅಂದರೆ ಸುಮಾರು ಶೇಕಡ 70. ಮುಂಗಾರು ಮುಗಿದ ಮೇಲಷ್ಟೇ ವರ್ಷದ ನಿಜವಾದ ಆದಾಯ ತಿಳಿಯುತ್ತದೆ. ಆದರೆ ಮುಂಗಾರು ಮುಗಿಯುವ ಮೊದಲೇ ಮುಕ್ಕಾಲು ಪಾಲಿನ ಹತ್ತಿರದಷ್ಟು ಪಾವತಿಯಾಗಿರಬೇಕು. ಲಾಭ ಎಷ್ಟೆಂದು ತಿಳಿಯುವ ಮುನ್ನವೇ ಲಾಭಾಂಶ ಘೋಷಿಸಿದಂತೆ! ಹಾಗೆಂದು ತಮಿಳುನಾಡಿನ ರೈತ ಕಾಯಬಲ್ಲನೇ? ಮೆಟ್ಟೂರು ಅಣೆಕಟ್ಟೆಯಿಂದ ನೀರು ಬಿಡುವ ರೂಢಿಯ ದಿನ ಜೂನ್ 12. ತಂಜಾವೂರು, ತಿರುವಾರೂರು ಕಡೆಯ ಕುರುವೈ ಭತ್ತಕ್ಕೆ ಆ ಹೊತ್ತಿನಲ್ಲಿ ನೀರು ಬೇಕು. ಅಕ್ಟೋಬರ್‌ನಲ್ಲಿ ಬಂದ ನೀರಿನಿಂದ ಜುಲೈನ ಸಸಿ ಉಳಿಯದು.

ಹವಾಮಾನ ಬದಲಾವಣೆ ಪ್ರವೇಶಿಸುವುದು ಇದೇ ಬಿರುಕಿನಲ್ಲಿ. ಅತಿ ಹೆಚ್ಚು ನೀರು ಕೊಡಬೇಕಾದ ತಿಂಗಳು ಆಗಸ್ಟ್. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿಯ ತವರಾದ ಕೊಡಗು ಅತಿವೃಷ್ಟಿಗೆ ತುತ್ತಾಯಿತು, ಗುಡ್ಡಗಳು ಕುಸಿದವು. ನಿಗದಿಗಿಂತ ಬಹಳ ಹೆಚ್ಚು ನೀರು ಕೆಳಗೆ ಹರಿದುಹೋಯಿತು, ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. 2023ರ ಆಗಸ್ಟ್, ದೇಶಾದ್ಯಂತ 1901ರಿಂದೀಚೆಗೆ ಅತ್ಯಂತ ಶುಷ್ಕವಾದ ಆಗಸ್ಟ್ ಎಂದು ದಾಖಲಾಯಿತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಸೆಪ್ಟೆಂಬರ್‌ನಲ್ಲಿ 15 ದಿನಗಳ ಕಾಲ 5,000 ಕ್ಯೂಸೆಕ್ ಹರಿಸುವ ಆದೇಶ ಬಂದಿತು, ಮೊತ್ತ 6.48 ಟಿಎಂಸಿ. 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಕೊರತೆ ಅಳೆಯಲು ಬಳಸುವ ಮಾನದಂಡವೋ ಕಳೆದ 30 ವರ್ಷಗಳ ಸರಾಸರಿ ಒಳಹರಿವು. ಮಳೆಯ ರೀತಿಯೇ ಬದಲಾಗುತ್ತಿರುವಾಗ ಹಳೆಯ ಸರಾಸರಿ ಎಷ್ಟರಮಟ್ಟಿಗೆ ದಾರಿ ತೋರಬಲ್ಲುದು ಎಂಬ ಪ್ರಶ್ನೆ ಇನ್ನೂ ಹಾಗೆಯೇ ಇದೆ.

ಬಂದ್‌ನ ಸುದ್ದಿ ಪತ್ರಿಕೆಗಳಿಗೆ ಬರುತ್ತದೆ; ನಾಲೆ ಒಣಗಿದುದರ ಪರಿಣಾಮ ನಿಧಾನವಾಗಿ ಖಾತೆಪುಸ್ತಕಗಳಿಗೆ ಬರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಾರದಿದ್ದರೆ ಮಂಡ್ಯದ ಕಬ್ಬು ಸೊರಗುತ್ತದೆ, ಆಲೆಮನೆಗಳ ಒಲೆ ಆರುತ್ತದೆ, ಬೆಲ್ಲದ ಆವಕ ಇಳಿಯುತ್ತದೆ. ಗೊಬ್ಬರದಂಗಡಿಯ ಉದ್ದರಿ ಮುಂದಿನ ವರ್ಷದ ಪುಟಕ್ಕೆ ಹೋಗುತ್ತದೆ. ಕಾವೇರಿ ಕೊನೆಯ ಮುಖಜಭೂಮಿಯ ಪಟ್ಟಣಗಳ ವರ್ತಕನ ಖಾತೆಯೂ ಬೇರೆಯಾಗಿಲ್ಲ, ಭಾಷೆ ಮಾತ್ರ ಬೇರೆ.

ಎದುರುಬದಿರು ಕುಳಿತ ರೈತರು

‘ಶಾಂತಿ ನಿರ್ಮಾಣ’ ಎಂದರೆ ಪೊಲೀಸ್ ಬಂದೋಬಸ್ತಿನಿಂದ ಬರುವ ಮೌನವಲ್ಲ. ಮುಂದಿನ ಬಾರಿ ಕಿಚ್ಚು ಹತ್ತದಂತೆ ಮಾಡುವ ಏರ್ಪಾಡು. 2002-03ರ ಕಠಿಣ ಬರದ ಬೆನ್ನಿಗೇ ಕಾವೇರಿಯಲ್ಲಿ ಇಂತಹದೊಂದು ಯತ್ನ ನಡೆಯಿತು. ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೊ. ಎಸ್. ಜನಕರಾಜನ್ ಅವರ ಪ್ರಯತ್ನದಿಂದ 2003ರ ಏಪ್ರಿಲ್‌ನಲ್ಲಿ ಎರಡೂ ರಾಜ್ಯಗಳ ರೈತರು ಚೆನ್ನೈನಲ್ಲಿ ಸೇರಿದರು; ‘ಕಾವೇರಿ ಕುಟುಂಬ’ ಎಂಬ ಹೆಸರು ಹುಟ್ಟಿತು. ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ನೋಡಿದರು. ಸಂಕಷ್ಟ ಹಂಚಿಕೆಯ ಸೂತ್ರವೊಂದನ್ನು ಸರ್ಕಾರಗಳು ಒಪ್ಪುವ ಹಂತಕ್ಕೆ ಕೊಂಡೊಯ್ಯಲು ಅವರಿಂದಾಗಲಿಲ್ಲ. ಆ ಕಾರಣಕ್ಕೆ ಅದನ್ನು ವಿಫಲ ಯತ್ನವೆಂದು ಬದಿಗಿಡುವವರಿದ್ದಾರೆ. ಅದು ಅವಸರದ ತೀರ್ಮಾನ. ಎದುರು ಪಕ್ಷದ ಲೆಕ್ಕವನ್ನು ಖುದ್ದಾಗಿ ಪರಿಶೀಲಿಸುವ ಅವಕಾಶ, ವಕೀಲರ ಮೂಲಕವಷ್ಟೇ ಮಾತನಾಡುತ್ತಿದ್ದವರಿಗೆ ಅಲ್ಲಿಯವರೆಗೆ ದೊರೆತಿರಲಿಲ್ಲ.

2018ರ ಜೂನ್‌ನಲ್ಲಿ ಕಾವೇರಿ ಜಲನಿರ್ವಹಣಾ ಪ್ರಾಧಿಕಾರವೂ, ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ ನೀರು ನಿಯಂತ್ರಣ ಸಮಿತಿಯೂ ರಚನೆಯಾದವು. ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳ ಅಂಕಿಗಳು ಒಂದೇ ಮೇಜಿನ ಮೇಲೆ ಬರುತ್ತಿವೆ. 2023ರಲ್ಲಿ ಪ್ರತಿಭಟನೆಗಳು ತೀವ್ರವಾಗಿದ್ದರೂ 2016ರ ಬೆಂಕಿ ಮರುಕಳಿಸಲಿಲ್ಲ. ಇದಕ್ಕೆ ಮುನ್ನೆಚ್ಚರಿಕೆಯ ಬಂದೋಬಸ್ತೂ ಕಾರಣವಿರಬಹುದು. ಆದರೆ ಪ್ರತಿ ಹದಿನೈದು ದಿನಕ್ಕೊಮ್ಮೆ ಅಂಕಿಗಳ ಮೇಲೆ ವಾದಿಸಲು ಒಂದು ಸ್ಥಳ ಇದ್ದುದನ್ನೂ ಅಲ್ಲಗಳೆಯಲಾಗದು.

ಕಾವೇರಿ ಕಣಿವೆಯಲ್ಲಿ ವ್ಯವಹಾರ ನಡೆಸುವವರಿಗೆ ಇದರಲ್ಲಿ ಕೆಲವು ನೇರ ಸಂಗತಿಗಳಿವೆ. ಗಲಭೆಯಲ್ಲಿ ಸುಟ್ಟ ಸರಕಿಗೆ ಬೆಂಕಿ ವಿಮೆಯಿಂದ ಪರಿಹಾರ ದೊರೆಯಬಹುದು. ಬಂದ್‌ನಿಂದ ಬಾಗಿಲು ಹಾಕಿದ ದಿನಗಳ ಆದಾಯಕ್ಕೆ, ಆಸ್ತಿಗೆ ಹಾನಿಯಾಗದ ಹೊರತು, ಸಾಮಾನ್ಯವಾಗಿ ದೊರೆಯದು. ಪಾಲಿಸಿಯ ಷರತ್ತುಗಳನ್ನು ಜೂನ್‌ಗೆ ಮೊದಲೇ ಓದಿಕೊಳ್ಳುವುದು ಲೇಸು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ನೋಂದಾಯಿತ ಕಂಪನಿಗಳು 2022-23ರಿಂದ ಸೆಬಿ ನಿಯಮದಂತೆ ಸಲ್ಲಿಸುವ ವರದಿಯಲ್ಲಿ ನೀರಿನ ಬಳಕೆಯನ್ನು ತಿಳಿಸಬೇಕಾಗಿದೆ. ಇವರಿಗೆ ಸರಕು ಪೂರೈಸುವ ಸಣ್ಣ ಘಟಕಗಳಿಗೂ ಈ ಪ್ರಶ್ನೆ ತಲುಪಲು ತಡವಾಗದು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತದ ಯೋಜನೆಯ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್, ಅಂದರೆ ವರ್ಷಕ್ಕೆ ಸುಮಾರು 10 ಟಿಎಂಸಿ. ನಗರ ಬೆಳೆದಷ್ಟೂ ಕಣಿವೆಯ ಲೆಕ್ಕದಲ್ಲಿ ಅದರ ಹೆಸರಿನ ಬಾಬ್ತು ದೊಡ್ಡದಾಗುತ್ತಿದೆ.

ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನಿಗದಿಪಡಿಸಿದ ಹಂಚಿಕೆಯನ್ನು 15 ವರ್ಷಗಳವರೆಗೆ ಬದಲಿಸುವಂತಿಲ್ಲ. ಆ ಅವಧಿ 2033ರಲ್ಲಿ ಮುಗಿಯುತ್ತದೆ. ಆಗ ಮತ್ತೆ ತೆರೆಯಲಿರುವ ಕಡತದಲ್ಲಿ 740 ಎಂಬ ಅಂಕಿಗಿಂತ ಮೊದಲು ಪರಿಶೀಲನೆಗೆ ಬರಬೇಕಾದುದು ಸಂಕಷ್ಟದ ವರ್ಷದ ಆ ಒಂದು ವಾಕ್ಯ.