ನಕಾಶೆ ಕಂಡ ದಾರಿಯಲ್ಲಿ

ಹಳೇ ಮೈಸೂರಿನ ಹಳ್ಳಿಗಳಲ್ಲಿ ಜಮೀನಿನ ತಕರಾರು ಎದ್ದಾಗ ಥಟ್ಟನೆ ಕೇಳಿಬರುವ ಮಾತು: ‘ಇದು ನಕಾಶೆ ಕಂಡ ದಾರಿ.’ ಗ್ರಾಮ ನಕ್ಷೆಯಲ್ಲಿ ಗುರುತಾಗಿರುವ, ಯಾರೂ ಉತ್ತು ನುಂಗಬಾರದ ಬಂಡಿದಾರಿ ಎಂದರ್ಥ. ಊರಿಂದೂರಿಗೆ ಸುಮ್ಮನೆ ನಡೆಯುವ ಚಟದವರಿಗೆ ಇದಕ್ಕಿಂತ ಒಳ್ಳೆಯ ಹಾದಿ ಸಿಗದು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಸುತ್ತಲಿನ ಸೀಮೆಯನ್ನೇ ನೋಡಿ. ಹೊಲ, ಕೆರೆ ಏರಿ, ಹುಣಸೆಮರ, ಅತ್ತ ಶಿಂಷಾ ಹೊಳೆ. ಚಾರಣ ಎನ್ನಲು ಸಂಕೋಚವಾಗುವಷ್ಟು ಸಪಾಟು ನೆಲ. ಆದರೂ ಅದೇ ದಾರಿ ಎರಡು ತಿಂಗಳು ಬಿಟ್ಟು ಹೋದರೆ ಗುರುತು ಸಿಗುವುದಿಲ್ಲ.

ಇಲ್ಲಿನ ಹಿರಿಯರದು ಮಳೆ ನಕ್ಷತ್ರದ ಲೆಕ್ಕ. ಸೂರ್ಯ ಒಂದು ನಕ್ಷತ್ರದಲ್ಲಿರುವ 13–14 ದಿನಕ್ಕೆ ಒಂದು ಮಳೆ. ಮೇ ಕೊನೆಗೆ ರೋಹಿಣಿ, ಜೂನ್ 22ರ ಸುಮಾರಿಗೆ ಆರಿದ್ರೆ. ಉತ್ತರೆ, ಹಸ್ತೆಯ ಹೊತ್ತಿಗೆ ರಾಗಿ ಹೊಲ ಹಸಿರೇರಿ, ನಡುವಿನ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಡುತ್ತದೆ. ಆಗ ಬದುವಿನ ಮೇಲೆ ಕಾಲಿಡುವ ಮುಂಚೆ ಹೊಲದವರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಕೊಯ್ಲು ಮುಗಿದರೆ ದಾರಿಯೇ ಕಣ! ಸಗಣಿ ಸಾರಿಸಿದ ಕಣ ಅಪರೂಪವಾಗಿ, ಹುರುಳಿಯನ್ನು ಡಾಂಬರಿನ ಮೇಲೇ ಹರಡಿ ಬಸ್ಸು ಲಾರಿಗಳ ಚಕ್ರದಿಂದ ಒಕ್ಕಣೆ ಮಾಡಿಸುತ್ತಾರೆ. ಬೈಕಿನವರಿಗೆ ಪ್ರಾಣಸಂಕಟ, ನಡೆಯುವವರಿಗೆ ಮೆತ್ತನೆ ಹಾಸು. ಬೆಳಗಿನ ಇಬ್ಬನಿಗೆ ಅವರೆಯ ಸೊಗಡು ಏರುತ್ತದೆ. ಕಬ್ಬಿನ ಗದ್ದೆಗಳಿರುವ ಕಡೆ ಆಲೆಮನೆಯ ಹೊಗೆಯೂ ಉಂಟು.

ಆದರೆ ಈ ಊರಿನ ನಿಜವಾದ ಸಂಭ್ರಮ ಅನಂತರದ್ದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬಂದು ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಿತ್ತಲಲ್ಲಿ ಪಾತ್ರೆ ತೊಳೆಯುವವರ ತಲೆಯ ಮೇಲೇ ಮರಿಗಳ ಗಲಾಟೆ, ಮೀನಿನ ನಾತ. ಊರವರು ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ. ಹಕ್ಕಿ ಕೂತ ಮರದ ಹುಣಸೆ ಬಡಿಯದೆ ಬಿಟ್ಟ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಮರದ ಕೆಳಗೆ ಗುಂಡಿ ತೋಡಿ, ಉದುರಿದ ಹಿಕ್ಕೆಯನ್ನು ಕೆರೆಯ ಗೋಡುಮಣ್ಣಿನೊಂದಿಗೆ ಬೆರೆಸಿ ಗೊಬ್ಬರ ಮಾಡುವುದು ಇಲ್ಲಿನ ರೂಢಿ.

ಮುಂಗಾರು ಹತ್ತಿರವಾದಂತೆ ಹಕ್ಕಿಗಳು ಹೊರಡುತ್ತವೆ. ಮರದಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಆ ಹೊತ್ತಿಗೆ ಅದೇ ಬಂಡಿದಾರಿಯಲ್ಲಿ, ಗುಂಡಿಯ ಗೊಬ್ಬರ ರಾಗಿ ಹೊಲದ ಕಡೆ ಹೊರಟಿರುತ್ತದೆ.